ಗಡಿನಾಡಿನ ಅಕ್ಷರಗಳಿಗೆ 896ರ ಅಂತರ

ಬೆಳಗಾವಿ ಜಿಲ್ಲೆಯ ರಾಯಬಾಗ ಎಂಬ ಊರ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿದರೆ ಇಂದಿನ ಕಂಪ್ಯೂಟರಿಗೆ, ಮೊಬೈಲಿಗೆ ಅದು ಆರು ಸಂಖ್ಯೆಗಳ ಸಾಲು: 3248, 3262, 3247, 3244, 3262, 3223. ಮೊದಲು ರ, ಆಮೇಲೆ ಅದರ ದೀರ್ಘ, ಯ, ಬ, ಮತ್ತೊಂದು ದೀರ್ಘ, ಕೊನೆಗೆ ಗ. ಅದೇ ಹೆಸರನ್ನು ಮರಾಠಿಯವರು ಬರೆಯುವ ಹಾಗೆ ದೇವನಾಗರಿಯಲ್ಲಿ ಹೊಡೆದರೆ ಸಾಲು ಹೀಗಾಗುತ್ತದೆ: 2352, 2366, 2351, 2348, 2366, 2327. ಎರಡನ್ನೂ ಒಂದರ ಕೆಳಗೊಂದು ಇಟ್ಟು ಕಳೆದು ನೋಡಿ. ಆರಕ್ಕೆ ಆರೂ ಸಲ ಉತ್ತರ 896.

ಅದೇ ಸೀಮೆಯ ಕಾಗವಾಡಕ್ಕೂ ಇದೇ ಲೆಕ್ಕ ಚಾಚೂ ತಪ್ಪದೆ ನಡೆಯುತ್ತದೆ. ಅಥಣಿಗೆ ಬಂದರೆ ಮೊದಲ ಮೂರು ಸ್ಥಾನ ಸರಿಹೊಂದಿ ಕೊನೆಯದು ತಪ್ಪುತ್ತದೆ, ಏಕೆಂದರೆ ಮರಾಠಿಯಲ್ಲಿ ಕೊನೆಯ ಅಕ್ಷರ ದೀರ್ಘ. ಲೆಕ್ಕದಂತೆ ಕನ್ನಡಕ್ಕೆ ತಂದರೆ ‘ಅಥಣೀ’ ಆಗುತ್ತದೆ. ಮರಾಠಿಯ ಚಿಕ್ಕೋಡಿ ‘ಚಿಕೋಡೀ’ ಎಂದು ಬರುತ್ತದೆ, ನಿಪ್ಪಾಣಿ ‘ನಿಪಾಣೀ’ ಎಂದು. ಆ ಎರಡು ಊರುಗಳ ಕನ್ನಡ ಹೆಸರಿನಲ್ಲಿರುವ ಒತ್ತಕ್ಷರ ಮರಾಠಿಯಲ್ಲಿಲ್ಲ. ಐದು ಊರುಗಳಲ್ಲಿ ಎರಡು ಮಾತ್ರ ಬರೀ ಕೂಡಿಸುವ ಲೆಕ್ಕದಿಂದ ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಬಲ್ಲವು.

ಈ ಅಂತರ ತಾನಾಗಿ ಬಿದ್ದದ್ದಲ್ಲ. ಕಾನ್ಪುರದಲ್ಲಿ ಮೊದಲಾಗಿ, ಪುಣೆಯಲ್ಲಿ ಬೆಳೆದು, ಅಮೆರಿಕದಲ್ಲಿ ಅಚ್ಚಾದ ಒಂದು ಕೋಷ್ಟಕದ ಫಲ ಅದು. ಕೋಷ್ಟಕ ಸಿದ್ಧವಾದ ಮೇಲೂ ಗಡಿಭಾಗದ ಕಂಪ್ಯೂಟರುಗಳು ಹತ್ತಿಪ್ಪತ್ತು ವರ್ಷ ಬೇರೆಯೇ ದಾರಿ ಹಿಡಿದವು.

ಈ ಸೀಮೆಗೆ ಎರಡು ಲಿಪಿಗಳ ಸಹವಾಸ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮರಾಠಿ ದಫ್ತರದ ಬರವಣಿಗೆ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಕಾಗದದ ಈ ತುದಿಯಿಂದ ಆ ತುದಿಗೆ ಮೊದಲು ತಲೆಗೆರೆ ಎಳೆದು, ಅದರ ಕೆಳಗೆ ಲೆಕ್ಕಣಿಕೆ ಎತ್ತದೆ ಅಕ್ಷರಗಳನ್ನು ಹೆಣೆದುಕೊಂಡು ಹೋಗುವ ವೇಗದ ಬರಹ ಅದು. ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ, ಹ್ರಸ್ವ ದೀರ್ಘಗಳ ಕಟ್ಟುನಿಟ್ಟೂ ಇಲ್ಲ. ವತನದ ಕಾಗದ, ಇನಾಮಿನ ಸನದು, ಸಾಲದ ಚೀಟಿ ಎಲ್ಲವೂ ಮೋಡಿಯಲ್ಲಿದ್ದವು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದು ಬಳಕೆಯಿಂದ ಜಾರಿತು; ಮರಾಠಿಗೆ ದೇವನಾಗರಿಯೊಂದೇ ಉಳಿಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. 1967ರಲ್ಲಿ ಗಡಿ ವಿವಾದದ ಬಗ್ಗೆ ವರದಿ ಕೊಟ್ಟ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬಹುದೆಂದಿತು, ಬೆಳಗಾವಿ ಇಲ್ಲಿಯೇ ಉಳಿಯಲಿ ಎಂದಿತು. ವರದಿ ಜಾರಿಯಾಗಲಿಲ್ಲ. ಗಡಿಗೆರೆ ಎಲ್ಲಿರಬೇಕೆಂಬ ವಾದ ನಡೆಯುತ್ತಲೇ ಇರುವಾಗ, ಎರಡೂ ಭಾಷೆಯ ಅಕ್ಷರಗಳನ್ನು ಯಂತ್ರದೊಳಗೆ ಹೇಗೆ ಕೂರಿಸಬೇಕೆಂಬ ಇನ್ನೊಂದು ಕೆಲಸ ದೂರದಲ್ಲಿ ಶುರುವಾಯಿತು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಅಂಥ ಎಂಟು ಗುರುತುಗಳ ಗುಂಪು ಒಂದು ಬೈಟು. ಅದರಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆ ಕೂರಬಹುದು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಎಲ್ಲರೂ ಒಪ್ಪಿಕೊಂಡರೆ ಮಾತ್ರ ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದು ಯಂತ್ರದಲ್ಲಿ ಓದಬಹುದು. ಅಮೆರಿಕದವರು 1963ರಲ್ಲಿ ಆಸ್ಕಿ ಎಂಬ ಕೋಷ್ಟಕದಲ್ಲಿ ಇಂಥ ಒಪ್ಪಂದ ಮಾಡಿಕೊಂಡರು. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಅವರಿಗೆ 128 ಸ್ಥಾನ ಸಾಕಾಯಿತು. ಬೈಟಿನ ಮೇಲಿನ ಅರ್ಧ, ಅಂದರೆ 128ರಿಂದ 255ರವರೆಗಿನ ಸ್ಥಾನಗಳು ಖಾಲಿ ಉಳಿದವು. ಭಾರತೀಯ ಭಾಷೆಗಳಿಗೆ ಜಾಗ ಹುಡುಕಿದ್ದು ಆ ಖಾಲಿ ಅರ್ಧದಲ್ಲಿ.

ಅಲ್ಲಿ ಏನನ್ನು ಇಡಬೇಕು? ಕಾಗುಣಿತವೇ ಒಂದೊಂದು ವ್ಯಂಜನಕ್ಕೆ ಹತ್ತಾರು ರೂಪ ಕೊಡುತ್ತದೆ, ಮೇಲೆ ಒತ್ತಕ್ಷರಗಳು. ಎಲ್ಲ ರೂಪಗಳನ್ನೂ 128 ಸ್ಥಾನಗಳಲ್ಲಿ ತುಂಬುವುದು ಆಗದ ಮಾತು. ಐಐಟಿ ಕಾನ್ಪುರದಲ್ಲಿ ಆರ್.ಎಂ.ಕೆ. ಸಿನ್ಹಾ ಮತ್ತು ಮೋಹನ ತಾಂಬೆ ಅವರ ತಂಡ ಹಿಡಿದ ದಾರಿ ಬೇರೆ: ರೂಪಕ್ಕೆ ಸಂಖ್ಯೆ ಕೊಡುವುದು ಬೇಡ, ಧ್ವನಿಗೆ ಕೊಡೋಣ. ಸ್ವರ, ವ್ಯಂಜನ, ಸ್ವರಚಿಹ್ನೆ, ಹಲಂತ ಇಷ್ಟಕ್ಕೆ ಸಂಖ್ಯೆ. ಅವು ಕೂಡಿದಾಗ ಯಾವ ರೂಪ ಮೂಡಬೇಕು ಎಂಬುದನ್ನು ಪರದೆಗೆ ಬರೆಯುವ ಹೊತ್ತಿನಲ್ಲಿ ಯಂತ್ರವೇ ನೋಡಿಕೊಳ್ಳಲಿ. 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ಅವರ ದೇವನಾಗರಿ ಕಂಪ್ಯೂಟರಿನ ಪ್ರದರ್ಶನ ನಡೆಯಿತು. 1988ರಲ್ಲಿ ಪುಣೆಯಲ್ಲಿ ಸಿ-ಡಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಹುಟ್ಟಿದಾಗ ತಾಂಬೆ ಈ ವಿದ್ಯೆಯನ್ನು ಅಲ್ಲಿಗೆ ತಂದರು. ಭಾರತೀಯ ಲಿಪಿಗಳನ್ನು ಮೂಡಿಸಲು ಡಾಸ್ ಕಂಪ್ಯೂಟರಿನೊಳಗೆ ಕೂರಿಸುವ ಜಿಸ್ಟ್ ಕಾರ್ಡು ಅಲ್ಲಿಂದ ಬಂತು. ಅದೇ ಚಿಂತನೆ ಇಸ್ಕಿ ಎಂಬ ಸಂಕೇತವಾಗಿ, 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು.

ಬ್ರಾಹ್ಮಿಯಿಂದ ಹುಟ್ಟಿದ ಭಾರತದ ಪ್ರಮುಖ ಲಿಪಿಗಳಿಗೆಲ್ಲ ವರ್ಣಮಾಲೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಸ್ಕಿ ಅವೆಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟಿತು. ಕ ಎಂದರೆ 179, ಅದು ಕನ್ನಡದ ಕ ಆಗಿರಲಿ, ಮರಾಠಿಯ ಕ ಆಗಿರಲಿ. ಅಥಣಿ ಎಂದರೆ 164, 195, 193, 219, ನಾಲ್ಕೇ ಬೈಟು. ಸಾಲಿಗೆ ಮೊದಲು ‘ಈಗ ಬರುವುದು ಇಂಥ ಲಿಪಿ’ ಎಂದು ತಿಳಿಸುವ ಒಂದು ಸೂಚನೆ ಹಾಕಿದರಾಯಿತು, ಅವೇ ನಾಲ್ಕು ಬೈಟು ಕನ್ನಡದಲ್ಲಾದರೂ ಮೂಡಬಹುದು, ದೇವನಾಗರಿಯಲ್ಲಾದರೂ ಮೂಡಬಹುದು. ಆ ಕೋಷ್ಟಕದಲ್ಲಿ ಎರಡು ಲಿಪಿಗಳ ನಡುವಣ ಅಂತರ ಸೊನ್ನೆ.

ಪೇಟೆ ಮಾತ್ರ ಇಸ್ಕಿಯ ಹಿಂದೆ ಹೋಗಲಿಲ್ಲ. 1990ರ ದಶಕದಲ್ಲಿ ಊರೂರಿಗೆ ಡಿಟಿಪಿ ಬಂತು, ಅಚ್ಚುಮೊಳೆಯ ಮುದ್ರಣಾಲಯಗಳ ಜಾಗದಲ್ಲಿ ವಿಂಡೋಸ್ ಮತ್ತು ಪೇಜ್‌ಮೇಕರ್ ಕೂತವು. ಪೇಜ್‌ಮೇಕರಿಗೆ ಗೊತ್ತಿದ್ದದ್ದು ಒಂದೇ ನಿಯಮ: ಒಂದು ಬೈಟಿಗೆ ಒಂದು ಆಕಾರ. ಧ್ವನಿಗಳನ್ನು ಕೂಡಿಸಿ ರೂಪ ಕಟ್ಟುವ ಜಾಣ್ಮೆ ಅದರಲ್ಲಿರಲಿಲ್ಲ. ತಂತ್ರಾಂಶದವರು ಹೂಡಿದ ಉಪಾಯವೆಂದರೆ ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಂದು ತುಂಡು ಮಾಡಿ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನಗಳಲ್ಲಿ ಅಡಗಿಸುವುದು. ಕಂಪ್ಯೂಟರು ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದೇ ತಿಳಿದಿತ್ತು. ಕನ್ನಡ ಕಾಣುತ್ತಿದ್ದದ್ದು ಫಾಂಟಿನ ವೇಷದಿಂದ.

ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಪ್ರಸಿದ್ಧವಾದವು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಹೊಂದಿಸುವ ವಿನ್ಯಾಸ ಮಾಡಿ, ತಮ್ಮ ಸೇಡಿಯಾಪು ತಂತ್ರಾಂಶವನ್ನು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಹೊಕ್ಕಿತು.

ನುಡಿಯಲ್ಲಿ ಹೊಡೆದ ‘ಅಥಣಿ’ಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಹೀಗೆ: ಇಂಗ್ಲಿಷಿನ ದೊಡ್ಡ ಸಿ, ಸಣ್ಣ ಎಕ್ಸ್, ತಲೆಯ ಮೇಲೆ ಓರೆಗೆರೆ ಇರುವ ಫ್ರೆಂಚಿನ ಎ, ಸಣ್ಣ ಟಿ, ತಲೆಯ ಮೇಲೆ ಟೋಪಿಯಿರುವ ಇನ್ನೊಂದು ಎ. ಸಂಖ್ಯೆಯಲ್ಲಿ ಹೇಳುವುದಾದರೆ 67, 120, 192, 116, 194. ಸಿ ಎಂದರೆ ಇಡೀ ಅ. ಎಕ್ಸ್ ಎಂದರೆ ಥದ ಒಡಲು, ಓರೆಗೆರೆಯ ಎ ಅದರ ತಲೆಕಟ್ಟು. ಣಕ್ಕೆ ತಲೆಕಟ್ಟಿಲ್ಲವಾದ್ದರಿಂದ ಟಿ ಒಂದೇ ಸಾಕು. ಟೋಪಿಯ ಎ ಅದಕ್ಕೆ ಅಂಟುವ ಗುಡಿಸು.

ಕಣ್ಣಿಗೆ ಸರಿ ಕಂಡರೆ ಸಾಕೆನ್ನುವ ಲಗ್ನಪತ್ರಿಕೆಗೆ, ಜಾತ್ರೆಯ ಹ್ಯಾಂಡ್‌ಬಿಲ್ಲಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಎದುರಾದದ್ದು ಹೆಸರುಗಳನ್ನು ಪಟ್ಟಿ ಮಾಡಬೇಕಾದಾಗ. ಕನ್ನಡದ ಯ ಶುರುವಾಗುವುದು ಒಂದು ಸೊನ್ನೆಯಿಂದ ಎಂಬುದನ್ನು ಗಮನಿಸಿ ನುಡಿಯ ಸಂಕೇತದಲ್ಲಿ ಅದನ್ನು ನಾಲ್ಕು ತುಂಡು ಮಾಡಿ, ಮೊದಲ ತುಂಡಿಗೆ ಅನುಸ್ವಾರವನ್ನೇ ಬಳಸಿಕೊಂಡಿದ್ದಾರೆ. ಅನುಸ್ವಾರದ ಸ್ಥಾನ ದೊಡ್ಡ ಎ, ಅಂದರೆ 65. ಅ ಇರುವುದು 67ರಲ್ಲಿ. ಕಂಪ್ಯೂಟರಿಗೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಸಂಖ್ಯೆ ನೋಡಿ ಯಲ್ಲಪ್ಪನನ್ನು ಅಣ್ಣಪ್ಪನಿಗಿಂತ ಮುಂದೆ ತಂದು ನಿಲ್ಲಿಸುತ್ತಿತ್ತು. ಅನುಸ್ವಾರವೊಂದನ್ನೇ ಹುಡುಕಿದರೆ ರಾಯಬಾಗವೂ ಸಿಗುತ್ತಿತ್ತು, ಅದರ ಯಕಾರದೊಳಗೆ ಸೊನ್ನೆ ಅಡಗಿ ಕೂತಿರುವುದರಿಂದ.

ಎರಡು ಭಾಷೆಯ ಊರುಗಳಿಗೆ ತೊಡಕೂ ಇಮ್ಮಡಿ. ಒಂದೇ ಕರಪತ್ರದಲ್ಲಿ ಮೇಲರ್ಧ ಕನ್ನಡ, ಕೆಳಗರ್ಧ ಮರಾಠಿ ಬೇಕೆನ್ನುವ ಗಿರಾಕಿ ನಿಪ್ಪಾಣಿಯಲ್ಲಿ ಅಪರೂಪವಲ್ಲ. ಕನ್ನಡ ಫಾಂಟಿನ ಗುಡಿಸು ಕೂತಿದ್ದ ಸ್ಥಾನದಲ್ಲೇ ಮರಾಠಿ ಫಾಂಟಿನ ಇನ್ಯಾವುದೋ ತುಂಡು ಕೂತಿರುತ್ತಿತ್ತು. ಕನ್ನಡದ ಸಾಲಿಗೆ ಮರಾಠಿ ಫಾಂಟು ಹಾಕಿದರೆ ಬರುವುದು ಯಾವ ಭಾಷೆಯೂ ಅಲ್ಲದ ಕಲಸು. ಶ್ರೀಲಿಪಿಯಲ್ಲಿ ಮಾಡಿದ ಪುಟ ಆಕೃತಿ ಇರುವ ಅಂಗಡಿಯಲ್ಲಿ ತೆರೆಯುತ್ತಿರಲಿಲ್ಲ. ಫ್ಲಾಪಿಯಲ್ಲಿ ಕಡತದ ಜೊತೆಗೆ ಫಾಂಟನ್ನೂ ಹಾಕಿಕೊಂಡು ಹೋಗುವುದು ಡಿಟಿಪಿಯವರ ವಾಡಿಕೆಯಾಯಿತು.

ಅಕ್ಷರ ಬರೀ ಆಕಾರವಾದರೆ ಸಾಲದು ಎಂಬುದಕ್ಕೆ ಜಮೀನು ದಾಖಲೆಗಳ ಭೂಮಿ ಯೋಜನೆ ಒಳ್ಳೆಯ ಉದಾಹರಣೆ. 2001ರ ಹೊತ್ತಿಗೆ ರಾಜ್ಯದ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ನಡೆಯಿತು. ಬೆಳಗಾವಿ ಸೀಮೆಯಲ್ಲಿ ಉತಾರ ಎಂದು ಕರೆಯುವುದು ಇದನ್ನೇ. ಆಗ ನಿಪ್ಪಾಣಿ ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿ. ತಲಾಟಿಯ ಕೈಬರಹದ ಉತಾರದ ಜಾಗಕ್ಕೆ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವ ಮುದ್ರಿತ ಪ್ರತಿ ಬಂತು. ಸರ್ವೆ ನಂಬರಿನಿಂದಲೂ ಹುಡುಕಬೇಕು, ಖಾತೆದಾರನ ಹೆಸರಿನಿಂದಲೂ ಹುಡುಕಬೇಕು. ಹಂಚಿಕೆಯಾದಾಗ ಅಣ್ಣನ ಹೆಸರು ತೆಗೆದು ತಮ್ಮಂದಿರ ಹೆಸರು ಸೇರಿಸಬೇಕು. ತಲೆಕಟ್ಟು, ಗುಡಿಸುಗಳ ತುಂಡುಗಳ ರಾಶಿಯಲ್ಲಿ ಇವೆಲ್ಲ ನೆಚ್ಚಿಕೊಳ್ಳುವಂಥ ಕೆಲಸಗಳಲ್ಲ.

ಇಷ್ಟರಲ್ಲಿ ಹೊರಗೆ ಬೇರೆ ಕೋಷ್ಟಕ ತಯಾರಾಗಿ ಹತ್ತು ವರ್ಷವಾಗಿತ್ತು. ಒಂದೊಂದು ದೇಶಕ್ಕೆ ಒಂದೊಂದು ಸಂಕೇತ ಇರುವುದರಿಂದ ಬೇಸತ್ತ ಅಮೆರಿಕದ ಕಂಪ್ಯೂಟರ್ ಕಂಪನಿಗಳು ಸೇರಿ ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಮಾಡಹೊರಟಿದ್ದವು. 1991ರ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು. ಭಾರತದ ಭಾಗಕ್ಕೆ ಅವರು ಆಧಾರವಾಗಿ ಇಟ್ಟುಕೊಂಡದ್ದು ಇಸ್ಕಿಯ 1988ರ ಆವೃತ್ತಿಯನ್ನು. ಒಂದು ಬದಲಾವಣೆ ಮಾತ್ರ ಮಾಡಿದರು: ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯೆ ಎನ್ನುವ ಬದಲು ಒಂದೊಂದು ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ಕೇರಿ ಕೊಟ್ಟರು. ದೇವನಾಗರಿಗೆ 2304ರಿಂದ, ಕನ್ನಡಕ್ಕೆ 3200ರಿಂದ. ಕೇರಿಯೊಳಗಿನ ಮನೆಗಳ ಕ್ರಮ ಇಸ್ಕಿಯದೇ. ಹಾಗಾಗಿ ಒಂದರ ಕ ಇನ್ನೊಂದರ ಕದಿಂದ, ಒಂದರ ಳ ಇನ್ನೊಂದರ ಳದಿಂದ ಸರಿಯಾಗಿ 896 ದೂರ.

ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಯುವುದಿಲ್ಲ. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ಮೇಜಿನ ಹಾಸುಕಾಗದದ ಮೇಲೆ ಇದಕ್ಕೊಂದು ವಿಧಾನ ಗೀಚಿದರು. ಯುಟಿಎಫ್-8 ಎಂದು ಹೆಸರಾದದ್ದು ಅದೇ. ಇಂಗ್ಲಿಷ್ ಅಕ್ಷರಕ್ಕೆ ಹಳೆಯ ಒಂದು ಬೈಟೇ ಸಾಕು, ಕನ್ನಡಕ್ಕೆ ಮತ್ತು ದೇವನಾಗರಿಗೆ ತಲಾ ಮೂರು. ಕನ್ನಡದ ಅ ಎಂದರೆ 224, 178, 133. ದೇವನಾಗರಿಯ ಅ ಎಂದರೆ 224, 164, 133. ಮೊದಲನೆಯ ಬೈಟು ಒಂದೇ, ಕೊನೆಯದೂ ಒಂದೇ. ಕನ್ನಡವೋ ಮರಾಠಿಯೋ ಎಂಬುದನ್ನು ಹೇಳುವುದು ನಡುವಿನದು ಮಾತ್ರ. ಇಸ್ಕಿಯಲ್ಲಿ 4 ಬೈಟು, ನುಡಿಯಲ್ಲಿ 5 ಬೈಟು ತೆಗೆದುಕೊಳ್ಳುತ್ತಿದ್ದ ಅಥಣಿ ಈಗ 12 ಬೈಟಾಯಿತು.

ಈ ಭಾರ ಕಣ್ಣಿಗೆ ಕಂಡದ್ದು ಎಸ್ಸೆಮ್ಮೆಸ್ಸಿನಲ್ಲಿ. ಅಲ್ಲಿ ಯುಟಿಎಫ್-8ರ ಬದಲು ಅಕ್ಷರಕ್ಕೆರಡು ಬೈಟಿನ ಪದ್ಧತಿ ಇತ್ತು. 140 ಬೈಟಿನ ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ. ನಿಪ್ಪಾಣಿ ಎಂಬ ಒಂದು ಹೆಸರೇ ಅದರಲ್ಲಿ ಎಂಟು ಸ್ಥಾನ ನುಂಗುತ್ತಿತ್ತು.

ಯೂನಿಕೋಡಿನ ಕನ್ನಡ ಪರದೆಗೆ ಬರಲು ಇನ್ನೂ ಕಾಯಬೇಕಾಯಿತು. ವಿಂಡೋಸ್ 2000ದಲ್ಲಿ ಭಾರತದ ಲಿಪಿಗಳ ಪೈಕಿ ದೇವನಾಗರಿ ಮತ್ತು ತಮಿಳು ಮಾತ್ರ ಇದ್ದವು. ಗಡಿಭಾಗದ ಮಟ್ಟಿಗೆ ಹೇಳುವುದಾದರೆ ಮರಾಠಿ ಒಂದು ಹೆಜ್ಜೆ ಮೊದಲು ಬಂತು, ಕನ್ನಡ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಸೇರಿಕೊಂಡಿತು. ಅದೂ ತಾನಾಗಿ ಅಲ್ಲ. ಸಿಡಿ ಹಾಕಿ ಸೆಟ್ಟಿಂಗ್ಸಿನಲ್ಲಿ ಒಂದು ಗುರುತು ಒತ್ತಿದರೆ ಮಾತ್ರ. ಪೇಜ್‌ಮೇಕರ್ ಹಳೆಯದೇ ಇದ್ದದ್ದರಿಂದ ಮುದ್ರಣದವರಿಗೆ ಇದರಿಂದ ಲಾಭವೂ ಕಾಣಲಿಲ್ಲ. 2003ರಲ್ಲಿ ಶುರುವಾದ ಕನ್ನಡ, ಮರಾಠಿ ವಿಕಿಪೀಡಿಯಾಗಳು, ಆಮೇಲೆ ಬಂದ ಸ್ಮಾರ್ಟ್‌ಫೋನುಗಳು ಯೂನಿಕೋಡನ್ನು ಜನರ ಕೈಗೆ ತಂದವು. ಕುವೆಂಪು ವಿಶ್ವವಿದ್ಯಾಲಯದ ವಿಶ್ರಾಂತ ಕುಲಪತಿ ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿ ಶಿಫಾರಸು ಮಾಡಿದ ಮೇಲೆ, 2010ರ ದಶಕದಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡಿಗೆ ತಿರುಗಿತು.

ಅಚ್ಚುಕಟ್ಟಾದ ಈ ಕೋಷ್ಟಕಕ್ಕೂ ಸುಕ್ಕುಗಳಿವೆ. ಕನ್ನಡಕ್ಕೆ ಎ, ಏ ಎರಡೂ ಬೇಕು, ಮರಾಠಿಗೆ ದೀರ್ಘ ಏ ಒಂದೇ. ಬೆಳಗಾವಿಯಿಂದ 896 ಕಳೆದರೆ ಮರಾಠಿ ಓದುಗರು ಎಂದೂ ಕಾಣದ ಹ್ರಸ್ವ ಎಕಾರದ ಚಿಹ್ನೆ ದೇವನಾಗರಿಯ ತಲೆಯ ಮೇಲೆ ಕೂರುತ್ತದೆ. ಇತ್ತಲಿಂದ ಹೋದ ಊರ ಹೆಸರು ವಿಚಿತ್ರವಾಗಿ ಕಾಣುತ್ತದೆ, ಅತ್ತಲಿಂದ ಬಂದದ್ದು ದೀರ್ಘವಾಗಿ ‘ಬೇ’ ಎನ್ನುತ್ತದೆ.

ರಕಾರದ್ದು ಇನ್ನೊಂದು ಕಥೆ. ಕನ್ನಡದಲ್ಲಿ ರ, ಹಲಂತ, ಯ ಎಂದು ಒತ್ತಿದರೆ ಅರ್ಕಾವತ್ತು ಮೂಡಿ ‘ರ್ಯಾಲಿ’ ಆಗುತ್ತದೆ. ಪತ್ರಿಕೆಗೆ ಬೇಕಾದದ್ದು ‘ರ‍್ಯಾಲಿ’. ಅದಕ್ಕಾಗಿ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು, 8205 ಸಂಖ್ಯೆಯದನ್ನು, ತೂರಿಸಬೇಕು. ಮರಾಠಿಗೂ ಇಂಥದೇ ಪೇಚು: ಕಣಿವೆಗಳಿಗೆ ಅವರು ಹೇಳುವ ‘ದರ‍್ಯಾ’ ಎಂಬ ಮಾತಿನಲ್ಲಿ ರಕಾರ ಮೇಲಿನ ಕೊಕ್ಕೆಯಾಗಬಾರದು, ರೆಪ್ಪೆಯಂತೆ ಪಕ್ಕದಲ್ಲಿ ನಿಲ್ಲಬೇಕು. ಅಲ್ಲಿಯೂ 8205 ನೆರವಿಗೆ ಬರುತ್ತದೆ, ಆದರೆ ಹಲಂತದ ಮೊದಲಲ್ಲ, ನಂತರ. ಈ ವ್ಯತ್ಯಾಸ ಗೊತ್ತಿಲ್ಲದ ತಂತ್ರಾಂಶ 896 ಕೂಡಿಸಿ ಕೈತೊಳೆದುಕೊಂಡರೆ ರೂಪ ಕೆಡುತ್ತದೆ.

ಕೆಲವು ತಪ್ಪುಗಳಂತೂ ಕಾಯಂ. ಹಳಗನ್ನಡದ ೞ ಯೂನಿಕೋಡಿನಲ್ಲಿ 3294ನೆಯ ಸ್ಥಾನದಲ್ಲಿದೆ. ಪಟ್ಟಿ ಮಾಡಿದವರು ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರವೆಂದು ತಿಳಿದು ‘ಫಾ’ ಎಂದು ಹೆಸರಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ತಪ್ಪಾಗಿದೆ ಎಂಬ ಟಿಪ್ಪಣಿಯ ಜೊತೆಗೆ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದರು. ಮೂಲ ಹೆಸರು ಹಾಗೆಯೇ ಉಳಿಯಿತು.

ಮರಾಠಿ ದಫ್ತರದ ಹಳೆಯ ಮೋಡಿ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2014ರ ಜೂನಿನಲ್ಲಿ, ಏಳನೆಯ ಆವೃತ್ತಿಯಲ್ಲಿ. ಲಿಪಿಗಳ ಸಂಶೋಧಕ ಅಂಶುಮನ್ ಪಾಂಡೆ ಅದಕ್ಕೆ ಪ್ರಸ್ತಾವ ಬರೆದಿದ್ದರು. ತಡವಾಗಿ ಬಂದವರಿಗೆ ಊರ ಹೊರಗೆ ಜಾಗ: ಅದರ ಕ ಇರುವುದು 71182ರಲ್ಲಿ, ಯುಟಿಎಫ್-8ರಲ್ಲಿ ಅಕ್ಷರವೊಂದಕ್ಕೆ ನಾಲ್ಕು ಬೈಟು ಬೇಕು. ಇಸ್ಕಿಯ ಕ್ರಮವನ್ನು ಇಲ್ಲಿ ಅನುಸರಿಸಿಲ್ಲ. ದೇವನಾಗರಿಯಲ್ಲಿ ಅಕಾರದಿಂದ ಕಕಾರಕ್ಕೆ 16 ಸ್ಥಾನ, ಮೋಡಿಯಲ್ಲಿ 14. ಒಂದೇ ಸಂಖ್ಯೆ ಕೂಡಿಸಿ ಮೋಡಿಯಿಂದ ಕನ್ನಡಕ್ಕೆ ಬರಲಾಗದು.

2023ರಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಾ ಸಮುದಾಯದವರ ಕುಣಬಿ ದಾಖಲೆಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯನ್ನು ನೇಮಿಸಿದಾಗ ಹಳೆಯ ಮೋಡಿ ಕಾಗದಗಳು ದಫ್ತರದ ಕಪಾಟುಗಳಿಂದ ಹೊರಬಂದವು, ಮೋಡಿ ಓದಬಲ್ಲವರಿಗೆ ಒಮ್ಮೆಗೇ ಬೇಡಿಕೆ ಬಂತು. ಇಂಥ ಕಾಗದಗಳನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಲಕ್ಷಾಂತರ ಬೈಟುಗಳ ಚಿತ್ರ. ಅದರಲ್ಲಿ ಒಂದೊಂದು ಚುಕ್ಕೆಯ ಬಣ್ಣಕ್ಕೂ ಸಂಖ್ಯೆ ಇರುತ್ತದೆ, ಅಕ್ಷರಕ್ಕೆ ಇರುವುದಿಲ್ಲ. ಊರ ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಓದಬಲ್ಲ ಒಬ್ಬರು ಎದುರಿಗೆ ಕೂತು, ಪದ ಎಲ್ಲಿ ಮುಗಿಯಿತು, ಇಕಾರ ಹ್ರಸ್ವವೋ ದೀರ್ಘವೋ ಎಂದು ತೀರ್ಮಾನಿಸುತ್ತ ಟೈಪು ಮಾಡಬೇಕು. ಸದ್ಯಕ್ಕೆ ಬಹುಮಟ್ಟಿಗೆ ಈ ಓದು ಸೇರುತ್ತಿರುವುದು ದೇವನಾಗರಿಯನ್ನು.